ತಮ್ಮನ ಕಿವಿಯಾಗಿ ಹೋಗಿದ್ದೆ

ಎರಡು ವರ್ಷದ ಹಿಂದೆ, ನವರಾತ್ರಿ ಕಳೆದ ವಾರ, ನಾನೂ ನನ್ನ ತಮ್ಮ ಸುಧಾಕರನೂ ಮರ ಕಡೆಯುವ ದೊಡ್ಡ ಲೇತ್ ನೋಡಲು ಹೊರಟೆವು. ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಯಂತ್ರದ ವಿಷಯ ನನಗೆ ಏನೂ ತಿಳಿಯದು. ಆದರೂ ಅವನು ನನ್ನನ್ನು ಕರೆದುಕೊಂಡು ಹೋದದ್ದು ನನ್ನ ಕಿವಿಗಾಗಿ.

ಸುಧಾಕರ ಹದಿನೈದು ವರ್ಷ ಮರದ ಮಿಲ್ಲಿನಲ್ಲಿ ದುಡಿದವನು. ಗರಗಸದ ಸದ್ದಿಗೆ ಅವನ ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಕಿವಿಗೆ ಹಾಕುವ ಮಿಷನ್ ಇದೆ. ಆದರೆ ಯಂತ್ರದ ಹತ್ತಿರ ಅದನ್ನು ಹಾಕಿದರೆ ತಲೆ ಸಿಡಿಯುತ್ತದೆ ಎಂದು ತೆಗೆದಿಡುತ್ತಾನೆ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾನೆ. ಕಾಪು ಹತ್ತಿರದ ಮನೆಯಲ್ಲಿ ಈಗ ನಾವಿಬ್ಬರೇ. ಹಿತ್ತಿಲ ಶೆಡ್ಡಿನಲ್ಲಿ ಒಂದು ಸಣ್ಣ ಲೇತ್ ಇಟ್ಟುಕೊಂಡು ಅವನು ಮಂಚದ ಕಾಲು, ತೊಟ್ಟಿಲ ಕಾಲು ಕಡೆಯುತ್ತಿದ್ದ. ಆಮೇಲೆ ಉಯ್ಯಾಲೆಯ ದಪ್ಪ ಕಂಬಗಳಿಗೆ ಜನ ಕೇಳಿಕೊಂಡು ಬರತೊಡಗಿದರು. ಹಲಸಿನ ದಿಮ್ಮಿ ಸಿಕ್ಕಿಸಿದರೆ ಆ ಸಣ್ಣ ಲೇತ್ ಇಡೀ ಕುಣಿಯುತ್ತಿತ್ತು.

"ಓಡುವಾಗ ಬೇರಿಂಗಿನ ಹತ್ತಿರ ಕಿರಕಿರ ಅಂತ ಉಂಟಾ ಕೇಳು ಅಕ್ಕ. ಅಷ್ಟೇ ನಿನ್ನ ಕೆಲಸ. ಅದು ಸವೆದಿದ್ದರೆ ಮರ ಕಳಚಿ ಮುಖಕ್ಕೇ ಬರ್ತದೆ," ಎಂದು ಬಸ್ಸಿನಲ್ಲಿ ಹೇಳಿದ.

ಮೊದಲು ಅಜೆಕಾರಿಗೆ ಹೋದೆವು. ಕೆಲಸ ನಿಲ್ಲಿಸಿದ್ದ ಒಬ್ಬ ಮುದುಕರ ಶೆಡ್ಡಿನಲ್ಲಿ ಎರಕದ ಕಬ್ಬಿಣದ ಲೇತ್ ಇತ್ತು. ನೋಡಲು ಚಂದವಿಲ್ಲ, ಎಂಟು ಅಡಿ ಉದ್ದ. ಓಡಿಸಿದಾಗ ಬೆಲ್ಟಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಸುಧಾಕರ ಅದರ ಮೇಲೆ ನೀರು ತುಂಬಿದ ಲೋಟ ಇಟ್ಟು ನೋಡಿದ. ನೀರು ತುಳುಕಲಿಲ್ಲ.

ಹೊರಗೆ ಬಂದ ಮೇಲೆ ಅವನು ಮೆಲ್ಲಗೆ, "ಇದನ್ನು ತಂದರೆ ಶೆಡ್ಡು ಉದ್ದ ಮಾಡಬೇಕು. ನಿನ್ನ ಮಲ್ಲಿಗೆ ಸಾಲು ಹೋಗ್ತದೆ," ಎಂದ.

ಆ ಸಾಲಿನಲ್ಲಿ ಎಂಟು ಗಿಡ. ಅಮ್ಮ ತೀರಿದ ವರ್ಷ ನಾನೇ ನೆಟ್ಟು, ಬಕೆಟಿನಲ್ಲಿ ನೀರು ಹೊತ್ತು ಬೆಳೆಸಿದವು. ದಿನಾ ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಮಾರಲು ಕಳಿಸುವುದು ನನ್ನ ಕೆಲಸ. ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅವು ಮಾತ್ರ. "ಬೇರೆ ಕಡೆಯೂ ನೋಡುವ," ಎಂದೆ.

ಮಧ್ಯಾಹ್ನ ಕಲ್ಯಾಣಪುರದಲ್ಲಿ ಇನ್ನೊಂದು ಲೇತ್ ನೋಡಿದೆವು. ಐದು ಅಡಿ ಉದ್ದ, ಹೊಸ ಹಸಿರು ಬಣ್ಣ. ನಮ್ಮ ಶೆಡ್ಡಿಗೆ ಅಳೆದು ಮಾಡಿದ ಹಾಗಿತ್ತು.

"ಹೆವಿ ಡ್ಯೂಟಿ ಮಾರಾಯ್ರೆ! ಮದುಮಗನ ಹಾಗೆ ಉಂಟು ನೋಡಿ," ಎಂದರು ಮಾರುವವರು.

"ಮದುಮಗನ ಬಣ್ಣ ಒಂದು ದಿನಕ್ಕೆ ಅಲ್ವಾ?" ಎಂದು ಸುಧಾಕರ ನಕ್ಕ. ಅವರೂ ನಗುತ್ತಾ ಸ್ವಿಚ್ ಹಾಕಿದರು.

ಮೋಟಾರಿನ ಸದ್ದಿನ ಅಡಿಯಲ್ಲಿ ನನಗೆ ಅದು ಕೇಳಿತು. ಅರೆಯುವ ಕಲ್ಲಿನಡಿ ಮರಳು ಸಿಕ್ಕಿದ ಹಾಗೆ, ಸಣ್ಣಗೆ. ಸುಧಾಕರ ಬೇರಿಂಗಿನ ಮೇಲೆ ಅಂಗೈ ಇಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದ.

"ಹೇಗುಂಟು ಅಕ್ಕ?"

"ಎಂತ ಇಲ್ಲ. ಸಾಫ್ ಉಂಟು," ಎಂದೆ.

ಅವನು ಕೈ ತೆಗೆದ. ಆ ಲೇತ್ ನಮ್ಮ ಮನೆಗೆ ಬಂತು.

ಆಮೇಲಿನ ಆರು ತಿಂಗಳು ನಾನು ಬದುಕಿದ್ದು ಹೆದರಿಕೆಯಲ್ಲಿ. ಮೊಗ್ಗು ಕೊಯ್ಯುವಾಗ ಕೈ ಗಿಡದಲ್ಲಿ, ಕಿವಿ ಶೆಡ್ಡಿನಲ್ಲಿ. ಸದ್ದು ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು. ಅದು ಕೇಳುತ್ತಿದ್ದದ್ದು ನನಗೊಬ್ಬಳಿಗೇ. ಲೇತ್ ನಿಂತು ಅವನು ಚಾಕ್ಕೆ ಬಂದರೆ ಮಾತ್ರ ನನ್ನ ಉಸಿರು ಸರಿಯಾಗುತ್ತಿತ್ತು. ಒಮ್ಮೆ, "ಸ್ವಲ್ಪ ಎಣ್ಣೆ ಬಿಡು," ಎಂದೆ. ಬಿಟ್ಟ. ಒಂದು ವಾರ ಕಡಿಮೆಯಾಗಿ ಮತ್ತೆ ಶುರುವಾಯಿತು. ಪೂರ್ತಿ ಹೇಳೋಣವೆಂದರೆ, ಯಾವಾಗಿನಿಂದ ಕೇಳ್ತದೆ ಎಂದು ಅವನು ಕೇಳಿಯೇ ಕೇಳುತ್ತಾನೆ.

ಒಂದು ಬೆಳಿಗ್ಗೆ ಅವನು ಹಲಸಿನ ದೊಡ್ಡ ದಿಮ್ಮಿ ಸಿಕ್ಕಿಸಿದ. ನಾನು ಕೊನೆಯ ಗಿಡದ ಹತ್ತಿರ ಇದ್ದೆ. ಕಿರಕಿರ ಹೋಗಿ ಟಕ್ ಟಕ್ ಎಂದು ಬಡಿಯುವ ಸದ್ದು ಬಂತು. ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು ಓಡಿದೆ. ಬದಿಯ ಬಾಗಿಲಲ್ಲಿ ನಿಂತು, "ಸುಧಾ, ಬಂದ್ ಮಾಡು!" ಎಂದು ಕಿರುಚಿದೆ. ಅವನು ಉಳಿ ಹಿಡಿದು ಬಗ್ಗಿಯೇ ಇದ್ದ. ದಿಮ್ಮಿಯ ಒಂದು ತುದಿ ಅಲ್ಲಾಡುವುದು ನನಗೆ ಕಾಣುತ್ತಿತ್ತು. ಕೈಯಲ್ಲಿದ್ದ ಬುಟ್ಟಿಯನ್ನೇ ಅವನ ಮೇಲೆ ಎಸೆದೆ.

ಅದು ಹೆಗಲಿಗೆ ತಾಗಿತು. ಮೊಗ್ಗೆಲ್ಲ ಚೆಲ್ಲಿತು. "ಎಂತ ಅಕ್ಕ, ಮರುಳಾ ನಿನಗೆ?" ಎಂದು ಸಿಟ್ಟಿನಿಂದ ನನ್ನ ಕಡೆಗೆ ಎರಡು ಹೆಜ್ಜೆ ಬಂದ. ಅಷ್ಟರಲ್ಲಿ ದಿಮ್ಮಿ ಕಳಚಿ, ಅವನ ಮುಖವಿದ್ದ ಜಾಗದಲ್ಲೇ ಹಾದು, ಹಿಂದಿನ ಗೋಡೆಗೆ ಬಡಿಯಿತು. ಕೆಂಪು ಕಲ್ಲಿನಲ್ಲಿ ಮುಷ್ಟಿ ಹಿಡಿಸುವಷ್ಟು ಗುಳಿ ಬಿತ್ತು.

ಸ್ವಿಚ್ ಬಂದ್ ಮಾಡಿ ಅವನು ನೆಲದಲ್ಲಿ ಕುಳಿತ. ನಾನು ಎದುರು ಕುಳಿತು, ಅವನಿಗೆ ತುಟಿ ಕಾಣುವ ಹಾಗೆ ಎಲ್ಲ ಹೇಳಿದೆ. ಕಲ್ಯಾಣಪುರದಲ್ಲೇ ಕೇಳಿತ್ತು, ಗಿಡಕ್ಕಾಗಿ ಸುಳ್ಳು ಹೇಳಿದೆ ಎಂದೆ.

ಅವನು ಅಂಗೈ ನೋಡಿಕೊಂಡ. "ನನ್ನ ಕೈಗೂ ಆವತ್ತು ಸಣ್ಣ ನಡುಕ ಗೊತ್ತಾಗಿತ್ತು ಅಕ್ಕ," ಎಂದ. "ನೀನು ಇಲ್ಲ ಎಂದೆ ಅಲ್ವಾ? ನನ್ನ ಕೈಗೆ ಸುಮ್ಮನೆ ಹಾಗೆ ಅನಿಸಿದ್ದು ಅಂದುಕೊಂಡೆ."

ಬೈಯಲಿಲ್ಲ. ಬೈದಿದ್ದರೆ ನಾನೂ ಅತ್ತು ಹಗುರವಾಗುತ್ತಿದ್ದೆನೋ ಏನೋ.

ಮರುದಿನ ಆ ಎಂಟು ಗಿಡಗಳನ್ನು ನಾನೇ ಕಿತ್ತೆ. ಅಜೆಕಾರಿನ ಲೇತ್ ಇನ್ನೂ ಅಲ್ಲೇ ಇತ್ತು. ಹೋದೆವು. ಮುದುಕರು ಸ್ವಿಚ್ ಹಾಕಿದರು. ಈ ಸಲ ಸುಧಾಕರ ಲೋಟ ಇಡುತ್ತಾನೆ, ಕೈ ಇಟ್ಟು ನೋಡುತ್ತಾನೆ ಎಂದುಕೊಂಡಿದ್ದೆ. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಹೇಗುಂಟು ಅಕ್ಕ?" ಎಂದು ಕೇಳಿ, ಮೊದಲಿನ ಹಾಗೆಯೇ ನನ್ನ ತುಟಿ ನೋಡುತ್ತಾ ನಿಂತ.

ಸದ್ದು ಏನೂ ಇರಲಿಲ್ಲ. ಆದರೂ "ಇನ್ನೊಮ್ಮೆ ಓಡಿಸಿ," ಎಂದೆ. ಆಮೇಲೆ ಮತ್ತೊಮ್ಮೆ. ಮೂರನೇ ಸಲ ಕೇಳಿದ ಮೇಲೆಯೇ ಸಾಫ್ ಉಂಟು ಎಂದೆ, ಆ ಲೇತ್ ತಂದೆವು. ಈಗಲೂ ಹಾಗೆಯೇ. ಚಾಕ್ಕೆ ಸಕ್ಕರೆ ಸಾಕಾ ಎಂದು ಅವನು ಕೇಳಿದರೂ ನಾನು ಎರಡು ಸಲ ಕುಡಿದು ನೋಡಿಯೇ ಹೇಳುತ್ತೇನೆ.