ತಕ್ಕಡಿ ತಟ್ಟೆಯ ಕುಂಕುಮ

ಡೆಟ್ರಾಯ್ಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಕೇಶವ್, ಕಾರ್ಖಾನೆಯ ಟೂಲ್ ರೂಮಿನಲ್ಲಿ ಪಳಗಿದವನು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸುವ ಆಸಾಮಿಯಲ್ಲ. ಹಾರಿಸಿದ ತೋಟಾಗಳ ಹಿತ್ತಾಳೆ ಕವಚಕ್ಕೆ ಮತ್ತೆ ಮದ್ದು, ಗುಂಡು ತುಂಬುವ ಹವ್ಯಾಸ ಹತ್ತಿದಾಗ, ಪಕ್ಕದ ಮನೆಯ ಮುದುಕ ಹೇಳಿಕೊಟ್ಟ ನಿಯಮಗಳನ್ನು ಬರೆದು ಬೇಸ್‌ಮೆಂಟಿನ ಗೋಡೆಗೆ ಅಂಟಿಸಿದ್ದ. ಕಣ್ಣಿಗೆ ರಕ್ಷಣೆಯ ಕನ್ನಡಕ, ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು, ಕೈಪಿಡಿಯಲ್ಲಿ ಹೇಳಿದ ಮದ್ದಿನ ಅಳತೆ ಮೀರುವಂತಿಲ್ಲ, ಹರಟೆ ಇಲ್ಲವೇ ಇಲ್ಲ.

"ಅಡುಗೆಮನೇಲಿ ನಾನೂ ಇಷ್ಟು ರೂಲ್ಸ್ ಮಾಡಿದ್ರೆ ನಿಮಗೆ ಉಪವಾಸವೇ ಗತಿ," ಎಂದು ಹೆಂಡತಿ ಭಾನು ಗೇಲಿ ಮಾಡುತ್ತಿದ್ದಳು. ಆಯುಧಪೂಜೆಯ ದಿನ ಮಾತ್ರ ಅವಳದೇ ದರಬಾರು. ಕಾರಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಕೊನೆಗೆ ಮದ್ದು ತೂಗುವ ಪುಟ್ಟ ತಕ್ಕಡಿಗೂ ಕುಂಕುಮ. ಮರುದಿನ ಕೇಶವ್ ಗೊಣಗುತ್ತ ಒರೆಸುತ್ತಿದ್ದ.

೨೦೦೨ರಲ್ಲಿ ಓವರ್‌ಟೈಮಿನ ಗಡಿಬಿಡಿಯಲ್ಲಿ ಒರೆಸುವುದು ಹಾಗೇ ಉಳಿಯಿತು. ಮರುವರ್ಷದ ಜನವರಿಯಲ್ಲಿ ಭಾನು ಮಿದುಳಿನ ರಕ್ತಸ್ರಾವವಾಗಿ ಎರಡೇ ದಿನದಲ್ಲಿ ತೀರಿಕೊಂಡಳು. ಕೇಶವ್ ಅಳಲಿಲ್ಲ. ಬಂದವರಿಗೆ ಕಾಫಿ ಕೊಟ್ಟ, ಡ್ರೈವ್‌ವೇಯ ಹಿಮ ಬಳಿದ, ಶಿಫ್ಟಿಗೆ ಹೋದ. ಒಳಗೆಲ್ಲ ಜೋಮು ಹಿಡಿದಂತಿತ್ತು.

ಏಪ್ರಿಲಿನಲ್ಲಿ ಕಾಲೇಜಿನಿಂದ ಬಂದ ಮಗಳು ತನಿಷಾ, "ಅಪ್ಪಾ, ಸಂಡೇ ಶೂಟಿಂಗ್ ರೇಂಜಿಗೆ ಹೋಗೋಣ. ನೀನು ಮಾಡಿದ ಬುಲೆಟ್ಸೇ ಬೇಕು," ಎಂದಳು. ಅಪ್ಪನನ್ನು ಮನೆಯಿಂದ ಹೊರಡಿಸಲು ಅವಳಿಗೆ ಹೊಳೆದ ಉಪಾಯ ಅದೊಂದೇ.

ಶನಿವಾರ ಬೆಳಿಗ್ಗೆ ಕೇಶವ್ ಎಷ್ಟೋ ತಿಂಗಳ ಮೇಲೆ ಬೇಸ್‌ಮೆಂಟಿನ ಮೇಜಿಗೆ ಕೂತ. ತಕ್ಕಡಿಯ ತಟ್ಟೆಯೊಳಗೆ ಭಾನುವಿನ ಉಂಗುರಬೆರಳಿನ ಗುರುತು, ಒಣಗಿದ ಕುಂಕುಮ. ಅದರ ಭಾರಕ್ಕೆ ಮುಳ್ಳು ಸೊನ್ನೆಗೆ ಬರಲೊಲ್ಲದು. ಒರೆಸಿದ್ದರೆ ಮುಗಿಯುತ್ತಿತ್ತು. ಕೇಶವ್ ಒರೆಸಲಿಲ್ಲ, ತಿರುಪು ತಿರುಗಿಸಿ ಕುಂಕುಮದ ಸಮೇತ ಸೊನ್ನೆ ಮಾಡಿಕೊಂಡ. ಬುದ್ಧಿವಂತರು ಮಾಡುವ ದಡ್ಡತನ ಇಂಥದ್ದೇ. ಟೂಲ್ ರೂಮಿನಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಚೆನ್ನಾಗಿ ಜಾಡಿಸುತ್ತಿದ್ದ.

ಐವತ್ತು ತೋಟಾ ಮುಗಿದ ಮೇಲೆ ಖಾಲಿ ತಟ್ಟೆ ಇಟ್ಟು ನೋಡಿದ. ಮುಳ್ಳು ಸೊನ್ನೆಯಲ್ಲಿರಲಿಲ್ಲ. ಮದ್ದು ಸುರಿದಾಗಲೆಲ್ಲ ಕುಂಕುಮವೂ ಚೂರುಚೂರು ಉದುರಿಹೋಗಿತ್ತು. ತಟ್ಟೆ ಹಗುರಾದಷ್ಟೂ ಮದ್ದು ಹೆಚ್ಚು ಬಿದ್ದಿತ್ತು. ಯಾವುದರಲ್ಲಿ ಎಷ್ಟು ಹೆಚ್ಚು ಎಂದು ಹೇಳುವಂತಿರಲಿಲ್ಲ. ಹೆಚ್ಚಿದ ಮದ್ದಿಗೆ ನಾಳೆ ಪಿಸ್ತೂಲೇ ಸಿಡಿದರೆ ಸಿಡಿಯುವುದು ತನಿಷಾಳ ಕೈಯಲ್ಲಿ.

ಐವತ್ತನ್ನೂ ಒಂದೊಂದಾಗಿ ಬಿಚ್ಚಿದ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು.

"ಅಪ್ಪಾ, ಆಯ್ತಾ?" ತನಿಷಾ ಮೆಟ್ಟಿಲಿಳಿದು ಬಂದಳು.

"ಇಲ್ಲಮ್ಮ. ತೂಕ ತಪ್ಪಿತ್ತು, ಎಲ್ಲಾ ಬಿಚ್ಚಿಹಾಕ್ದೆ. ಅಮ್ಮ ಇಟ್ಟ ಕುಂಕುಮ ಇದು. ಒರೆಸೋಕೆ ಕೈ ಬರ್ಲಿಲ್ಲ."

ತನಿಷಾ ತಟ್ಟೆಯನ್ನು ನೋಡಿದಳು. ಅರ್ಧ ಗುರುತು ಇನ್ನೂ ಉಳಿದಿತ್ತು. "ಶಲ್ ಐ? ನಾನು ಒರೆಸ್ಲಾ?" ಎಂದಳು.

"ಬೇಡ."

ಕೇಶವ್ ತಾನೇ ತಟ್ಟೆ ಒರೆಸಿ, ತಿರುಪನ್ನು ಹಿಂದಕ್ಕೆ ತಿರುಗಿಸಿದ. ಮುಳ್ಳು ಸೊನ್ನೆಗೆ ಬಂದು ನಿಂತಿತು. ಈಗಲಾದರೂ ಅಳು ಬರಬಹುದೆಂದು ಇಬ್ಬರೂ ಕಾದರು. ಬರಲಿಲ್ಲ. ಕೇಶವ್ ಮೊದಲ ತೋಟಾಕ್ಕೆ ಮದ್ದು ತೂಗಿದ. ಮಗಳ ಕೈ ನೋಡಿ, ಅದನ್ನೇ ಇನ್ನೊಮ್ಮೆ ತೂಗಿದ.