ಎಣ್ಣೆ ಹಚ್ಚಿದ ಬ್ರೇಕು

ನನ್ನ ಕಾರನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಜೋರು ಓಡುತ್ತದೆ?" ಸಂತೆಕಟ್ಟೆಯಲ್ಲಿರುವ ನನ್ನ ಕ್ಲಿನಿಕ್ಕಿಗೆ ಹಲ್ಲುನೋವೆಂದು ಬಂದವರು ಬಾಯಿ ತುಂಬ ಹತ್ತಿ ಇಟ್ಟುಕೊಂಡೂ ಅದನ್ನೇ ಕೇಳುತ್ತಾರೆ. "ಎಷ್ಟು ಬೇಗ ನಿಲ್ಲುತ್ತದೆ?" ಎಂದು ಕೇಳಿದವರು ಈ ಭೂಮಿಯ ಮೇಲೆ ಒಬ್ಬರೇ. ಅವರು ಕಾಪುವಿನ ನನ್ನ ಸೋದರಮಾವ.

ಮಾವ ಮೀನುಗಾರಿಕೆ ಬೋಟಿನ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಯಜಮಾನರು. ಬೋಟಿಗೆ ಬ್ರೇಕ್ ಇಲ್ಲ. ಧಕ್ಕೆ, ಅಂದರೆ ಬೋಟು ಕಟ್ಟುವ ಕಟ್ಟೆ, ಇನ್ನೂ ದೂರ ಇರುವಾಗಲೇ ಇಂಜಿನ್ ಇಳಿಸಿ, ಅಲೆ ನೋಡಿ, ಗಾಳಿ ನೋಡಿ, ದೇವರ ಹೆಸರು ಹೇಳಿ ಮೆಲ್ಲಗೆ ತಂದು ತಾಗಿಸಬೇಕು. ಹೀಗೆ ಆಯುಷ್ಯ ಕಳೆದವರಿಗೆ, ಕೊನೆಯ ಗಳಿಗೆಯಲ್ಲಿ ಕಾಲಿನಿಂದ ಒತ್ತಿ ನಿಲ್ಲಿಸುವ ವಾಹನದ ಮೇಲೆ ನಂಬಿಕೆ ಹೇಗೆ ಬರಬೇಕು? ನನ್ನ ಪಕ್ಕದಲ್ಲಿ ಕುಳಿತರೆ ಅಲ್ಲಿ ಇಲ್ಲದ ಬ್ರೇಕನ್ನು ಅವರ ಬಲಗಾಲು ಒತ್ತುತ್ತಲೇ ಇರುತ್ತದೆ. ಆ ಸೀಟಿನ ಮುಂದಿನ ಮ್ಯಾಟು ಸವೆದಿರುವುದು ಒಂದೇ ಕಡೆಯಲ್ಲಿ. ನಾನು ನಗುವ ಹಾಗಿಲ್ಲ. ನನ್ನ ಕುರ್ಚಿಯಲ್ಲಿ ಒರಗಿದವರೂ ಡ್ರಿಲ್ಲಿನ ಸದ್ದು ಕೇಳಿದೊಡನೆ ಎರಡೂ ಕಾಲನ್ನು ಹಾಗೆಯೇ ಒತ್ತುತ್ತಾರೆ, ಮತ್ತು ಆ ಡ್ರಿಲ್ಲಿನ ಪೆಡಲು ಇರುವುದು ನನ್ನ ಕಾಲ ಕೆಳಗೆ.

ಈ ವರ್ಷ ನನಗೊಂದು ಹುಚ್ಚು ಹಿಡಿಯಿತು. ಕೊಯಮತ್ತೂರಿನ ಕಡೆ ರೇಸ್ ಟ್ರ್ಯಾಕ್ ಉಂಟಲ್ಲ, ಅಲ್ಲಿ ಆಗಾಗ ನಮ್ಮಂಥವರಿಗೂ ಬಾಗಿಲು ತೆರೆಯುತ್ತಾರೆ. ನಮ್ಮ ಕಾರನ್ನು ನಾವೇ ಇಡೀ ದಿನ ಮನಸಾರೆ ಓಡಿಸಬಹುದು. ಅದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಹೆಸರು ಕೊಟ್ಟು ಬಂದೆ. ಆದರೆ ನಮ್ಮದು ಅಳಿಯಸಂತಾನದ ಮನೆ, ಸೋದರಮಾವನೇ ಯಜಮಾನ. ಕಾನೂನು ಎಂದೋ ಬದಲಾಯಿತು, ಮಾವನ "ಹೂಂ" ಮಾತ್ರ ಇನ್ನೂ ಬದಲಾಗಿಲ್ಲ. ನಲವತ್ತು ದಾಟಿದ ದಂತವೈದ್ಯೆ ಮಾವನ ಒಪ್ಪಿಗೆಗೆ ಕಾಯುವುದೇ ಎಂದು ನೀವು ಕೇಳಬಹುದು. ಹೇಳದೆ ಹೋಗಬಹುದಿತ್ತು ನಿಜ. ಆದರೆ ಇನ್ನಂಜೆಯ ಗದ್ದೆ ಬದಿಯ ರಸ್ತೆಯಲ್ಲಿ ಸೈಕಲ್ಲಿನ ಕ್ಯಾರಿಯರ್ ಹಿಡಿದು ನನ್ನ ಹಿಂದೆ ಓಡಿದವರು ಅವರು. ಆಗ ನನಗಿದ್ದ ಬ್ರೇಕೇ ಅವರು. ಅವರ ಮನಸ್ಸು ಕಾಪುವಿನಲ್ಲಿ ಹೆದರಿ ಕುಳಿತಿದ್ದರೆ ಕೊಯಮತ್ತೂರಿನಲ್ಲಿ ನನಗೆ ಏನು ಸುಖ?

"ನಿಲ್ಲುವುದನ್ನು ಮೊದಲು ತೋರಿಸು ಮಗಾ. ಓಡುವುದು ಮತ್ತೆ," ಎಂದರು ಮಾವ.

ಮಾವ ಹೇಳದಿದ್ದರೂ ಟ್ರ್ಯಾಕಿಗೆ ಹೋಗುವವರು ಮೊದಲು ನೋಡಿಕೊಳ್ಳುವುದು ಬ್ರೇಕನ್ನೇ. ಬ್ರೇಕು ವೇಗವನ್ನು ನುಂಗಿ ಬಿಡುವುದಿಲ್ಲ, ಬಿಸಿಯಾಗಿಸಿ ಗಾಳಿಗೆ ಬಿಡುತ್ತದೆ. ಉಡುಪಿಯ ಪೇಟೆಯಲ್ಲಿ ದನಕ್ಕೊಮ್ಮೆ ಬಸ್ಸಿಗೊಮ್ಮೆ ಒತ್ತುವುದು ಬೇರೆ, ಪ್ರತಿ ತಿರುವಿನಲ್ಲೂ ಪ್ರಾಣ ಹಿಂಡಿದ ಹಾಗೆ ಒತ್ತುವುದು ಬೇರೆ. ಬ್ರೇಕ್ ಆಯಿಲ್ಲಿಗೂ ಮಳೆಗಾಲದ ಹಪ್ಪಳಕ್ಕೂ ಒಂದೇ ಗುಣ, ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ. ಹಾಗೆ ನೀರು ಕುಡಿದ ಆಯಿಲ್ ಟ್ರ್ಯಾಕಿನ ಬಿಸಿಗೆ ಕುದ್ದು ಗುಳ್ಳೆ ಎದ್ದರೆ ಪೆಡಲು ಸುಮ್ಮನೆ ಕೆಳಗೆ ಹೋಗುತ್ತದೆ, ಕಾರು ಮುಂದೆ ಹೋಗುತ್ತದೆ. ಹಾಗಾಗಿ ಹೊಸ ಆಯಿಲ್, ಚಕ್ರದೊಡನೆ ತಿರುಗುವ ಹೊಸ ಡಿಸ್ಕು, ಅದನ್ನು ಕಚ್ಚಿ ನಿಲ್ಲಿಸುವ, ಬಿಸಿ ತಾಳುವ ಹೊಸ ಪ್ಯಾಡು ತರಿಸಿದೆ. ಮಣಿಪಾಲದ ನಮ್ಮ ಫ್ಲಾಟಿನ ಕೆಳಗೆ ಚಕ್ರ ಬಿಚ್ಚಿದರೆ ಅಸೋಸಿಯೇಷನ್ನಿನವರು ಮೂಗು ಮುರಿಯುತ್ತಾರೆಂದು ಕಾಪುವಿನ ಅಂಗಳಕ್ಕೆ ಹೋಗಿ, ಡಿಸ್ಕು ಪ್ಯಾಡು ಎರಡನ್ನೂ ನಾನೇ ಕೂರಿಸಿದೆ. ಆಯಿಲ್ಲಿನ ಕೆಲಸ ಬಾಕಿ ಉಳಿಯಿತು. ರಾತ್ರಿ ಹೆಮ್ಮೆಯಿಂದ ಮಲಗಿದೆ.

ಕಡಲ ಗಾಳಿಗೆ ಬೆಳಗಾಗುವಷ್ಟರಲ್ಲಿ ಹೊಸ ಡಿಸ್ಕಿನ ಮೇಲೆ ಕೆಂಪಗೆ ತೆಳುವಾದ ತುಕ್ಕು ಕೂರುತ್ತದೆ. ಹೆದರುವಂಥದ್ದೇನಲ್ಲ, ನಾಲ್ಕು ಸಲ ಬ್ರೇಕ್ ಒತ್ತಿದರೆ ತಾನೇ ಉಜ್ಜಿ ಹೋಗುತ್ತದೆ. ಇದು ನನಗೆ ಗೊತ್ತಿತ್ತು, ಮಾವನಿಗೆ ಗೊತ್ತಿರಲಿಲ್ಲ. ಅವರು ನಸುಕಿನಲ್ಲೆದ್ದು ಚಕ್ರದ ಸಂದಿಯಲ್ಲಿ ಇಣುಕಿದರು. ಮಳೆಗಾಲಕ್ಕೆ ಬೋಟು ದಡ ಸೇರಿದರೆ ಕಬ್ಬಿಣವೆಂಬ ಕಬ್ಬಿಣಕ್ಕೆಲ್ಲ ಎಣ್ಣೆ ಹಚ್ಚಿಡುವ ಕೈ ಅದು, ತುಕ್ಕು ಕಂಡ ಮೇಲೆ ಸುಮ್ಮನಿರುತ್ತದೆಯೇ? ಕೋಲಿಗೆ ಬಟ್ಟೆ ಸುತ್ತಿ, ನಾಲ್ಕೂ ಡಿಸ್ಕಿಗೆ ಒಳ್ಳೆಯ ತೆಂಗಿನೆಣ್ಣೆಯನ್ನು ಧಾರಾಳವಾಗಿ ಬಳಿದರು.

ನಾನು ಎದ್ದು ಬಂದು, ಪರೀಕ್ಷೆ ಮಾಡಿ ತೋರಿಸುತ್ತೇನೆಂದು ಕಾರು ಹತ್ತಿದೆ. ಮಾವ ಜಗಲಿಯಲ್ಲಿ ನಿಂತಿದ್ದರು. ಅಂಗಳದಲ್ಲಿ ನಡೆಯುವಷ್ಟು ವೇಗದಲ್ಲಿ ಹೋಗಿ ಬ್ರೇಕ್ ಒತ್ತಿದೆ. ಕಾರು ಕೇಳಿಸಿಕೊಳ್ಳಲೇ ಇಲ್ಲ. ಥೇಟ್ ಬೋಟಿನ ಹಾಗೆ ತೇಲಿಕೊಂಡು ಹೋಗಿ ಹಳೆಯ ಬಲೆಗಳ ರಾಶಿಗೆ ಮೂತಿ ಇಟ್ಟು ನಿಂತಿತು. ಪೆಟ್ಟೇನೂ ಆಗಲಿಲ್ಲ. ಕೊಯಮತ್ತೂರು ಮಾತ್ರ ಅಲ್ಲೇ ಮುಗಿಯಿತು ಎನಿಸಿತು. ಚಕ್ರದ ಹತ್ತಿರ ಬಗ್ಗಿದರೆ ಅಡುಗೆಮನೆಯ ಪರಿಮಳ.

"ತುಕ್ಕು ಬಂದಿತ್ತು ಮಾರಾಯ್ತಿ, ಅದಕ್ಕೇ ಸ್ವಲ್ಪ ಎಣ್ಣೆ..." ಎಂದ ಮಾವನ ಮುಖ ಬಾಡಿತು. "ನಾನೇ ಹಾಳು ಮಾಡಿದೆನಾ?"

ಬೈಯಲೆಂದೇ ಎದ್ದು ನಿಂತೆ. ಆದರೆ ನನ್ನ ಟ್ರ್ಯಾಕ್ ಡೇಗೆ ಇನ್ನೂ ಹೂಂ ಎನ್ನದ ಮನುಷ್ಯ, ಅದರ ಬ್ರೇಕಿಗೆ ತುಕ್ಕು ಹಿಡಿಯಬಾರದೆಂದು ನಸುಕಿನಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದರಲ್ಲ! ಅದನ್ನು ನೆನೆದು ನಗು ಬಂತು, ಕಣ್ಣೂ ಸ್ವಲ್ಪ ಒದ್ದೆಯಾಯಿತು.

ಎಣ್ಣೆ ಕುಡಿದ ಪ್ಯಾಡು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬೇರೆ ತರಿಸಿದೆ, ಪುಣ್ಯಕ್ಕೆ ಆ ವಾರದಲ್ಲೇ ಬಂತು. ಡಿಸ್ಕುಗಳನ್ನು ತೊಳೆಯುತ್ತಾ ಮಾವನಿಗೆ ಒಂದು ಸತ್ಯ ಹೇಳಿದೆ. ಹೊಸ ಡಿಸ್ಕು ಪೆಟ್ಟಿಗೆಯಲ್ಲಿ ಬರುವುದೇ ಎಣ್ಣೆ ಹಚ್ಚಿಕೊಂಡು, ತುಕ್ಕು ಹಿಡಿಯಬಾರದೆಂದು. ಅದನ್ನು ಪೂರ್ತಿ ತೊಳೆದೇ ಕೂರಿಸಬೇಕು. ಕಾರ್ಖಾನೆಯವರಿಗೂ ಮಾವನಿಗೂ ಬುದ್ಧಿ ಒಂದೇ, ಹಚ್ಚುವ ಹೊತ್ತು ಮಾತ್ರ ಬೇರೆ. ಇದನ್ನು ಕೇಳಿದ ಮೇಲೆ ಮಾವ ಮಧ್ಯಾಹ್ನ ಎರಡು ಬಂಗುಡೆ ಮೀನು ಹೆಚ್ಚು ತಿಂದರು.

ಆಯಿಲ್ ಬದಲಿಸಿ ಕೊಳವೆಯ ಗಾಳಿ ತೆಗೆಯುವುದು ಒಬ್ಬರ ಕೆಲಸವಲ್ಲ. ಒಬ್ಬರು ಒಳಗೆ ಕುಳಿತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ತಿರುಪು ಬಿಚ್ಚಿ ಮುಚ್ಚಬೇಕು. ಇಷ್ಟು ವರ್ಷ ಬರಿಯ ಮ್ಯಾಟು ಒತ್ತಿದ ಕಾಲಿಗೆ ಕೊನೆಗೂ ನಿಜವಾದ ಬ್ರೇಕು ಸಿಕ್ಕಿತು. ನಾನು "ಒತ್ತಿ" ಎಂದರೆ, ಸಮುದ್ರದ ನಡುವೆ ಕೂಗಿ ಅಭ್ಯಾಸವಾದ ಗಂಟಲಿನಿಂದ "ಒತ್ತಿದೆ!" ಎಂದು ಉತ್ತರ. ಅಕ್ಕಪಕ್ಕದ ಮನೆಯವರು ಇಣುಕಿ ನೋಡಿದರು. ಮೊದಲು ಮೆತ್ತಗಿದ್ದ ಪೆಡಲು ಬರಬರುತ್ತಾ ಬಿಗಿಯಾಯಿತು. "ಈಗ ಗಟ್ಟಿ ಉಂಟು," ಎಂದು ಮಾವ ತೀರ್ಪು ಕೊಟ್ಟರು.

ಹೊಸ ಪ್ಯಾಡು ಡಿಸ್ಕಿಗೆ ಒಗ್ಗಬೇಕು. ಅದಕ್ಕೆ ವೇಗ ಹಿಡಿದು, ಬಲವಾಗಿ ಒತ್ತಿ, ಪೂರ್ತಿ ನಿಲ್ಲುವ ಮೊದಲೇ ಬಿಟ್ಟು, ಮತ್ತೆ ವೇಗ ಹಿಡಿಯಬೇಕು. ಮದುವೆಯಾದ ಹೊಸತರಲ್ಲಿ ಗಂಡ ಹೆಂಡಿರು ಜಗಳವಾಡಿ ಒಗ್ಗಿಕೊಳ್ಳುವುದೂ ಹೀಗೆಯೇ. ಭಾನುವಾರ ಬೆಳಿಗ್ಗೆ ನಂದಿಕೂರು ದಾಟಿ ಕಾರ್ಕಳದ ಖಾಲಿ ರಸ್ತೆ ಹಿಡಿದೆ. ಪಕ್ಕದಲ್ಲಿ ಮಾವ ಹಿಂದೆ ತಿರುಗಿ ನೋಡಿ, "ಯಾರೂ ಇಲ್ಲ, ಒತ್ತು!" ಎನ್ನುವರು. ನಾನು ಒತ್ತುವೆ. ಬೆಲ್ಟು ಇಬ್ಬರನ್ನೂ ಎದೆಗೆ ಹಿಡಿದು ನಿಲ್ಲಿಸುವುದು. ಮತ್ತೆ "ಒತ್ತು!"

ಬರುವಾಗ ಬ್ರೇಕು ಆರಲೆಂದು ನಿಧಾನವಾಗಿ ಓಡಿಸಿದೆ. ಒಪ್ಪಿಗೆ ಕೇಳಬೇಕೆಂದು ಅವರ ಕಡೆ ತಿರುಗಿದವಳು ಕೇಳದೆ ಸುಮ್ಮನಾದೆ. ಸವೆದ ಮ್ಯಾಟಿನ ಮೇಲೆ ಇದ್ದದ್ದು ಬರಿಯ ಚಪ್ಪಲಿ. ಮಾವ ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಟ್ಟು, ಚಕ್ಕಳಮಕ್ಕಳ ಹಾಕಿ, ಕಿಟಕಿಯ ಹೊರಗೆ ಗದ್ದೆ ನೋಡುತ್ತಾ ಕುಳಿತಿದ್ದರು.