ಹಗ್ಗದಲ್ಲಿ ನನ್ನ ಮುಂದೆ ನಿಂತವನು

ಆ ಸಂಜೆ ತ್ರಾಸಿಯ ಕಡಲಂಚಿನಲ್ಲಿ ಕೈರಂಪಣಿಯ ಹಗ್ಗ ಹಿಡಿದವರಲ್ಲಿ ಬಲೆಯ ಯಜಮಾನ ಸುಬ್ಬಜ್ಜ ಇದ್ದರು, ನಮ್ಮ ಕೇರಿಯ ಏಳೆಂಟು ಗಂಡಸರಿದ್ದರು, ನಾನಿದ್ದೆ, ನನ್ನ ಮುಂದೆ ನನ್ನ ತಮ್ಮ ಮಂಜ ಇದ್ದ.

ಮಂಜ ಇದ್ದ ಎಂಬ ಮಾತನ್ನು ಮಾತ್ರ ಊರಲ್ಲಿ ಒಬ್ಬರೂ ಒಪ್ಪುವುದಿಲ್ಲ. ಸುಬ್ಬಜ್ಜನನ್ನೇ ಕೇಳಿ, ನನಗೆ ತಲೆ ಸರಿಯಿಲ್ಲ ಎಂದಾರು. ಎನ್ನಲಿ. ಅವನ ಬೆನ್ನಿನ ಬೆವರಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

ಕೈರಂಪಣಿ ಎಂದರೆ ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧ ಸುತ್ತು ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎಳೆಯುವುದು. ಬಲೆ ಅಡಿಯ ಕಲ್ಲಿಗೆ ಸಿಕ್ಕಿಕೊಂಡರೆ ನಮ್ಮಲ್ಲೊಂದು ಕ್ರಮ. ಹಗ್ಗದಲ್ಲಿ ಎಲ್ಲರಿಗಿಂತ ನೀರಿಗೆ ಹತ್ತಿರ ಇದ್ದವನು ಮುಳುಗಿ ಬಿಡಿಸಬೇಕು. ಅವನು ಇಳಿಯದಿದ್ದರೆ ಅವನ ಹಿಂದಿನವನು. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

ನಮ್ಮ ಕೇರಿಯ ಗಿರಿಜಕ್ಕನ ಒಬ್ಬನೇ ಮಗ ರಘು ಹಾಗೆ ಇಳಿದವನು. ವರ್ಷಗಳ ಹಿಂದೆ, ಇದೇ ಜಾಗದಲ್ಲಿ. ಮೇಲೆ ಬರಲಿಲ್ಲ. ಆಮೇಲೆ ಗಿರಿಜಕ್ಕ ಕುಂದಾಪುರದ ಪೇಟೆಯಲ್ಲಿ ಮೀನು ಮಾರುತ್ತಿದ್ದರೂ ನಮ್ಮ ಬಲೆಯ ಮೀನನ್ನು ಕೈಯಿಂದ ಮುಟ್ಟುತ್ತಿರಲಿಲ್ಲ.

ಆ ಸಂಜೆ ಹೊತ್ತು ಮುಳುಗಿಯಾಗಿತ್ತು. ಹಿಂದೆ ಹೈವೇಯಲ್ಲಿ ಲಾರಿಗಳ ಸದ್ದು.

"ಹ್ವಾಯ್ ಶೀನಣ್ಣ, ಹಗ್ಗ ಎಳೂಕ್ ಬಂದದ್ದಾ, ಜೋತು ಬೀಳೂಕಾ?" ಮಂಜ ತಿರುಗಿ ಕೆಣಕಿದ. "ಹೊಟ್ಟಿ ಕಾಣಿ... ಅದ್ಕೇ ಹಗ್ಗ ಕಟ್ರೆ ಬಲಿ ತನ್ನಷ್ಟಕ್ ಬತ್ತ್."

"ಎಲ್ಲಾ ನಿನ್ನ ಹೆಂಡ್ತಿ ಕೈ ಅಡಿಗಿ, ಮಾರಾಯ," ಎಂದೆ.

ಅವನು ನಕ್ಕ. ಮನೆಯಲ್ಲಿ ಅವನ ಮಗಳು ಪುಟ್ಟಿ ಬಂಗುಡೆ ಮೀನಿಗೆ ಕಾಯುತ್ತಿದ್ದಳು.

ಆಗ... ನನ್ನ ಕೈಯೊಳಗಿನ ಹಗ್ಗ ತಣ್ಣಗಾಯಿತು.

ಒದ್ದೆಯ ತಣ್ಣಗಲ್ಲ. ಐಸು ಪೆಟ್ಟಿಗೆಯೊಳಗೆ ಕೈ ಇಟ್ಟಂಥ ತಣ್ಣಗೆ. ಲಾರಿಗಳ ಸದ್ದು ನಿಂತೇಹೋಯಿತು. ಬೆರಳಿಗೆ ನೈಲಾನಿನ ನುಣುಪು ಹೋಗಿ ತೆಂಗಿನ ನಾರಿನ ಒರಟು ತಾಗಿತು. ಕೊಳೆತ ನಾರಿನ ವಾಸನೆ... ಕೆಳಗೆ ನೋಡಿದರೆ ನನ್ನ ಹೊಟ್ಟೆ ಇಲ್ಲ! ತಿರುಗಿ ನೋಡಿದರೆ ಹೈವೇ ಇಲ್ಲ. ಹಳೆಯ ಸಪೂರ ರಸ್ತೆ, ಅದರ ಮೇಲೆ ಒಂದೇ ಒಂದು ಬಸ್ಸಿನ ಬೆಳಕು.

ಮುಂದೆ ಮಂಜ. ಆದರೆ ಕಡ್ಡಿಯಂಥ ಮಂಜ, ಮೀಸೆ ಆಗಷ್ಟೇ ಚಿಗುರಿದವನು. ಅವನ ಮುಂದೆ, ಸೊಂಟದವರೆಗಿನ ನೀರಿನಲ್ಲಿ...

ರಘು.

"ಬಲಿ ಸಿಕ್ಕಂತೋ!" ಸುಬ್ಬಜ್ಜ ಕೂಗಿದರು. ಅವರ ಕೂದಲು ಕಪ್ಪಗಿತ್ತು.

ರಘು ಪಂಚೆ ಬಿಗಿದು ಕಟ್ಟಿದ. "ಈಗ್ ಬತ್ತೆ ಕಾಣಿ," ಎಂದ. ಅವತ್ತು ಅವನು ಆಡಿದ ಕೊನೆಯ ಮಾತು ಅದೇ. ಮುಂದೇನಾಗುತ್ತದೆಂದು ಆ ದಡದಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಹಗ್ಗ ಬಿಟ್ಟೆ. ಮಂಜನನ್ನು ದಾಟಿ ಓಡಿದೆ. ರಘುವಿನ ಸೊಂಟಕ್ಕೆ ಎರಡೂ ಕೈ ಹಾಕಿ ಎಳೆದು ಮರಳಿನ ಮೇಲೆ ಕೆಡವಿದೆ.

"ಬಿಡಿ ಮರ್ರೆ! ಎಂತ, ಹುಚ್ಚಾ ನಿಮ್ಗೆ?"

"ಇಳೀಬೇಡ್ವೋ... ಇಳೀಬೇಡ..."

ಅವನು ಒದ್ದ, ಪರಚಿದ, ತೋಳು ಕಚ್ಚಿದ. ನಾನು ಬಿಡಲಿಲ್ಲ. ಗಿರಿಜಕ್ಕನ ಮುಖವೊಂದೇ ಕಣ್ಣ ಮುಂದೆ. ಉಳಿದ, ಇವನು ಉಳಿದ...

ಆಗ ಬೆನ್ನ ಹಿಂದೆ ನೀರಿನ ಸದ್ದು. ಯಾರೋ ಮುಳುಗಿದ ಸದ್ದು.

ತಿರುಗಿದೆ. ಹಗ್ಗದಲ್ಲಿ ಮಂಜನ ಜಾಗ ಖಾಲಿ ಇತ್ತು.

ನಾನು ಕಿರುಚಿದೆನೋ ಇಲ್ಲವೋ, ಗೊತ್ತಿಲ್ಲ. ಕೈಯಲ್ಲಿ ಮತ್ತೆ ನೈಲಾನ್ ಹಗ್ಗ. ಲಾರಿಗಳ ಸದ್ದು. ಮುಂದೆ ಒಂದು ಅಗಲವಾದ ಬೆನ್ನು... ಮಂಜನದಲ್ಲ.

"ಮಂಜ?"

ಅವನು ತಿರುಗಿದ. ದಪ್ಪ ಮೀಸೆ, ಕಿವಿಯ ಹತ್ತಿರ ನರೆ. ಆದರೆ ಅದೇ ಕಣ್ಣು. "ಎಂತ ಆಯ್ತ್ ಶೀನಣ್ಣ?" ಎಂದು ಕೇಳಿದ ರಘು.

"ಮಂಜ ಎಲ್ಲಿ?"

ಹಗ್ಗ ಹಿಡಿದವರೆಲ್ಲ ತಲೆ ತಗ್ಗಿಸಿದರು. ಸುಬ್ಬಜ್ಜ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಅಂವ ಹೋಯಿ ಎಷ್ಟ್ ಕಾಲ ಆಯ್ತ್ ಮಗಾ... ಈಗ್ ಕೇಂಡ್ರೆ ಎಂತ ಹೇಳೂದ್?"

ನನ್ನ ತೋಳಿನ ಮೇಲೆ ಹಲ್ಲಿನ ಗುರುತಿತ್ತು. ಹಸಿ ಗಾಯವಲ್ಲ, ಮಾಸಿದ ಹಳೆಯ ಕಲೆ.

ಮನೆಗೆ ಓಡಿದೆ. ಗೋಡೆಯಲ್ಲಿ ಮಂಜನ ಫೋಟೋ, ಚಿಗುರು ಮೀಸೆಯದು, ಒಣಗಿದ ಹಾರ. ಅವನ ಹೆಂಡತಿ ಬಾರ್ಕೂರಿನವಳು. ಆಮೇಲೆ ಹುಡುಕಿಕೊಂಡು ಹೋದೆ. ಬೇರೆ ಮನೆ ಸೇರಿದ್ದಾಳೆ, "ನೀವ್ ಯಾರ್?" ಎಂದಳು. ಪುಟ್ಟಿ ಎಲ್ಲಿಯೂ ಇಲ್ಲ. ಅವಳ ಮುಂದಿನ ಹಲ್ಲು ಬಿದ್ದಾಗ ಅದನ್ನು ಮಾಡಿನ ಮೇಲೆ ಎಸೆದವನು ನಾನು. ಹುಟ್ಟದೇ ಇದ್ದ ಮಗುವಿನ ಹಲ್ಲು!

ದಡದಿಂದ ಓಡಿ ಬಂದ ಆ ರಾತ್ರಿಯೇ ಅಮ್ಮ ನನ್ನ ಮುಂದೆ ಬಟ್ಟಲಿಟ್ಟು ಮುಖ ನೋಡದೆ ಒಳಗೆ ಹೋದಳು. ಅಷ್ಟರಲ್ಲಿ ಗಿರಿಜಕ್ಕ ಜಗಲಿಗೆ ಬಂದು ಕೂತರು, ಕೈಯಲ್ಲಿ ಬಾಳೆಲೆ ಮುಚ್ಚಿದ ಮೀನು.

"ಶೀನಾ, ನಿನ್ನಿಂದ ನನ್ ಮಗ ಉಳ್ದ. ದೇವ್ರ್ ನಿನ್ನ ಚಂದ ಇಟ್ಟಿರ್ಲಿ," ಎಂದರು.

ಒಳಗಿನಿಂದ ಅಮ್ಮನ ದನಿ ಬಂತು. "ಅದ್ನ್ ಹೊರ್ಗೇ ಇಡ್ ಗಿರಿಜಾ. ನಿನ್ ಮಗನ್ನ ಹಿಡ್ಕಂಬುಕೆ ಇವ್ನಿಗ್ ಎರಡ್ ಕೈ ಇತ್ತ್. ನನ್ ಮಗನಿಗೆ ಒಂದ್ ಕೈಯೂ ಇರ್ಲಿಲ್ಲೆ."

ಗಿರಿಜಕ್ಕ ಕಣ್ಣೊರೆಸಿಕೊಂಡು ಎದ್ದರು. ಹೋಗುವಾಗ ಪಿಸುಗುಟ್ಟಿದರು, "ಬೇಜಾರ್ ಮಾಡ್ಬೇಡ. ಅಮ್ಮಂಗೆ ಅವತ್ತಿಂದ ನಿನ್ನತ್ರ ಮಾತಿಲ್ಲೆ ಅಲ್ದಾ, ಪಾಪ..."

ಅವತ್ತಿನಿಂದ! ಆ ವರ್ಷಗಳನ್ನೆಲ್ಲ ಅಮ್ಮ ಬದುಕಿದ್ದಾಳೆ. ನಾನು ಅವನ್ನು ಬದುಕಿಲ್ಲ. ನನಗೆ ಗೊತ್ತಿದ್ದ ಅಮ್ಮ, ಹಿಂದಿನ ದಿನ ರಾತ್ರಿಯಷ್ಟೇ ನನ್ನ ನೆತ್ತಿಗೆ ಎಣ್ಣೆ ತಟ್ಟಿ "ಮುದುಕ ಆದೆ ಮಗನೇ" ಎಂದು ನಕ್ಕವಳು.

ಆಮೇಲೆ ಬಲೆ ಬಿಟ್ಟ ದಿನವೆಲ್ಲ ಹೋಗಿ ಹಗ್ಗ ಹಿಡಿದೆ. ಒಮ್ಮೆ ತಣ್ಣಗಾಗಲಿ, ಒಂದೇ ಒಂದು ಸಲ... ಆಗಲಿಲ್ಲ.

ಅದಕ್ಕಿಂತ ಹೆದರಿಕೆಯದು ಬೇರೆ ಇದೆ. ಈಚೆಗೆ ಮಂಜನ ಮದುವೆ ನನಗೆ ಸರಿಯಾಗಿ ನೆನಪಾಗುತ್ತಿಲ್ಲ. ಬದಲಿಗೆ ನಾನು ಕಾಣದ್ದು ನೆನಪಾಗುತ್ತದೆ. ಶಿರೂರಿನ ಮರಳಿನ ಮೇಲೆ ಕಡಲು ತಂದು ಹಾಕಿದ ಹೆಣ, ಅದರ ಮುಖದ ಮೇಲಿನ ಬಟ್ಟೆ ಸರಿಸುತ್ತಿರುವ ನನ್ನದೇ ಕೈ. ದಿನ ಹೋದಂತೆ ಅದು ಸ್ಪಷ್ಟವಾಗುತ್ತಿದೆ. ಪುಟ್ಟಿಯ ಮುಖ ಮಸುಕಾಗುತ್ತಿದೆ.

ಈ ಸಲದ ಮಳೆ ಹಿಂದೆ ಸರಿಯುವಾಗ ಅಮ್ಮ ಹಾಸಿಗೆ ಹಿಡಿದಳು. ಕೊನೆಯ ದಿನ ರಘುವನ್ನು ಕರೆಸಿದಳು. ಅವನ ಕೈ ಹಿಡಿದು, ನಾನು ಬಾಗಿಲಲ್ಲಿ ನಿಂತಿರುವಾಗಲೇ ಹೇಳಿದಳು:

"ಕೊಳ್ಳಿ ನೀನೇ ಇಡ್ಕ್ ಮಗಾ. ನನ್ ಮಂಜನ ಆಯಸ್ಸ್ ಈಗ್ ನಿನ್ನತ್ರ ಇತ್ತ್. ಅಂವ ಬ್ಯಾಡ."

ಮರುದಿನ ಸುಬ್ಬಜ್ಜ ಕೊಳ್ಳಿಯನ್ನು ನನ್ನ ಕಡೆಗೇ ಚಾಚಿದರು. ನಾನು ಕೈ ನೀಡಲಿಲ್ಲ. ರಘು ತೆಗೆದುಕೊಂಡು ಚಿತೆಗೆ ಇಟ್ಟ.